ಡಂಕ್ ಮಾಡುವಷ್ಟು ಎತ್ತರ ಜಿಗಿಯುವುದು ಹೇಗೆ? ಕಾರವಾರ, ಶಿರಸಿಯ ಆಟಗಾರರಿಗೆ ಹಂತಹಂತದ ಮಾರ್ಗದರ್ಶಿ

ಉತ್ತರ ಕನ್ನಡದಲ್ಲಿ ಎತ್ತರ ಹಾರುವವರಿಗೆ ಬರವಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಸಂಜೆಯಾದರೆ ವಾಲಿಬಾಲ್ ನೆಟ್ ಕಟ್ಟುತ್ತಾರೆ, ಘಟ್ಟದ ಮೇಲಿನ ಊರುಗಳಲ್ಲೂ ಅಷ್ಟೇ. ಹೀಗೆ ನೆಟ್ಟಿನ ಮೇಲೆ ಹಾರಿ ಹೊಡೆಯುವವರು ಬಾಸ್ಕೆಟ್‌ಬಾಲ್ ಕೋರ್ಟಿಗೆ ಬಂದಾಗ ರಿಂಗಿಗೆ ಬೆರಳು ತಾಗಿಸುತ್ತಾರೆ, ಅಲ್ಲಿಗೇ ನಿಲ್ಲುತ್ತಾರೆ. ಬೆರಳು ತಾಗುವುದಕ್ಕೂ ಚೆಂಡನ್ನು ಮೇಲಿನಿಂದ ಒಳಗೆ ತುರುಕುವುದಕ್ಕೂ, ಅಂದರೆ ಡಂಕ್ ಮಾಡುವುದಕ್ಕೂ, ನಡುವೆ ಹತ್ತಿರ ಹತ್ತಿರ ಒಂದು ಗೇಣು ಅಂತರವಿದೆ. ಆ ಗೇಣಿನಲ್ಲಿ ಒಂದು ಪಾಲು ಕಾಲಿನ ಬಲದಿಂದ ಬರಬೇಕು, ನಿಜ. ಆದರೆ ಬಲವಿದ್ದವರೂ ಅದನ್ನು ಓಟದ ಕೊನೆಯ ಎರಡು ಹೆಜ್ಜೆಗಳಲ್ಲಿ ಕಳೆದುಕೊಳ್ಳುತ್ತಾರೆ. ಈ ಬರಹದಲ್ಲಿ ಆ ಎರಡು ಹೆಜ್ಜೆಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಮೊದಲು ಅಳತೆ

ನಿಯಮದ ಪ್ರಕಾರ ರಿಂಗ್ ನೆಲದಿಂದ 3.05 ಮೀಟರ್ ಎತ್ತರದಲ್ಲಿರಬೇಕು. ನಿಮ್ಮ ಕೋರ್ಟಿನ ರಿಂಗ್ ಅಷ್ಟೇ ಇದೆ ಎಂದು ನಂಬಬೇಡಿ, ಟೇಪ್ ಹಿಡಿದು ನೋಡಿ. ಮಳೆನೀರು ಹರಿದು ಹೋಗಲೆಂದು ಕಾಂಕ್ರೀಟ್ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಮಣ್ಣಿನ ಕೋರ್ಟಾದರೆ ಬೋರ್ಡಿನ ಬುಡದಲ್ಲಿ ಆಡಿ ಆಡಿ ತಗ್ಗು ಬಿದ್ದಿರುತ್ತದೆ, ಅಲ್ಲಿಂದ ಹಾರುವವನಿಗೆ ರಿಂಗ್ ನಾಲ್ಕೈದು ಸೆಂ.ಮೀ. ದೂರವಾಗುತ್ತದೆ. ನೀವು ನೆಲ ಬಿಡುವ ಜಾಗದಿಂದಲೇ ಅಳೆಯಿರಿ.

ಅಳೆಯುವಾಗ ಬೋಲ್ಟುಗಳನ್ನೂ ನೋಡಿ. ಕಡಲ ಗಾಳಿಯ ಉಪ್ಪು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗಿದ್ದರೂ ರಿಂಗ್ ಬೋರ್ಡಿಗೆ ಸೇರುವಲ್ಲಿ, ಬೋರ್ಡು ಕಂಬಕ್ಕೆ ಸೇರುವಲ್ಲಿ ತುಕ್ಕು ಪದರುಪದರಾಗಿ ಎದ್ದಿರಬಹುದು. ಹಾಗಿದ್ದರೆ ಆ ರಿಂಗಿಗೆ ಜೋತುಬೀಳಲೇಬಾರದು. ಬೋರ್ಡು ಸಮೇತ ಮೈಮೇಲೆ ಬಿದ್ದರೆ ಜೀವಕ್ಕೇ ಅಪಾಯ.

ಇನ್ನು ನಿಮ್ಮ ಅಳತೆ. ಗೋಡೆಗೆ ಪಕ್ಕೆ ತಾಗಿಸಿ, ಹಿಮ್ಮಡಿ ನೆಲದಲ್ಲೇ ಇಟ್ಟು, ಭುಜವನ್ನು ಎಷ್ಟು ಎಳೆಯಲಾಗುತ್ತದೋ ಅಷ್ಟು ಎಳೆದು ಕೈ ಮೇಲೆತ್ತಿ. ಬೆರಳ ತುದಿ ತಾಗುವ ಎತ್ತರ ನಿಮ್ಮ ‘ನಿಂತ ಎಟುಕು’. ಆಮೇಲೆ ಬೆರಳ ತುದಿಗೆ ರಂಗೋಲಿ ಪುಡಿ ಹಚ್ಚಿಕೊಂಡು, ಓಡಿ ಬಂದು ಹಾರಿ, ಬೋರ್ಡಿಗೋ ಎತ್ತರದ ಗೋಡೆಗೋ ಗುರುತು ಮಾಡಿ. ಎರಡರ ವ್ಯತ್ಯಾಸವೇ ನಿಮ್ಮ ಓಟದ ಜಿಗಿತ.

ಒಂದು ಕೈಯಲ್ಲಿ ಡಂಕ್ ಮಾಡಲು ಬೆರಳ ತುದಿ ರಿಂಗಿಗಿಂತ ಕನಿಷ್ಠ 15 ಸೆಂ.ಮೀ. ಮೇಲೆ ಹೋಗಬೇಕು, ಅಂದರೆ 320 ಸೆಂ.ಮೀ. ಕೈ ಚಿಕ್ಕದಾಗಿ ಚೆಂಡು ಹಿಡಿತಕ್ಕೆ ಸಿಗದವರಿಗೆ 20 ಬೇಕಾಗುತ್ತದೆ. ನಿಂತ ಎಟುಕು 245 ಇದ್ದವರಿಗೆ 75 ಸೆಂ.ಮೀ. ಜಿಗಿತ ಸಾಕು, 232 ಇದ್ದವರಿಗೆ 88 ಬೇಕು. ಲೆಕ್ಕ ಮೊದಲೇ ಸ್ಪಷ್ಟವಾಗಿರಲಿ. ಸುಮಾರು 170 ಸೆಂ.ಮೀ. ಎತ್ತರದ ಸ್ಪಡ್ ವೆಬ್ 1986ರಲ್ಲಿ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡಂಕ್ ಸ್ಪರ್ಧೆ ಗೆದ್ದದ್ದು ಹೌದು, ಆದರೆ ಅಂಥ ಜಿಗಿತ ಸಾವಿರಾರು ಜನರಲ್ಲಿ ಒಬ್ಬರಿಗೆ ಸಿಗುವಂಥದ್ದು. ಹೊಸಬರಿಗೆ ಕ್ರಮವಾದ ಅಭ್ಯಾಸದಿಂದ ಕೆಲವು ತಿಂಗಳಲ್ಲಿ 5ರಿಂದ 10 ಸೆಂ.ಮೀ. ಸಿಕ್ಕಿದರೆ ಒಳ್ಳೆಯ ಫಲ ಎಂದುಕೊಳ್ಳಿ. ‘ಎಂಟು ವಾರದಲ್ಲಿ ಒಂದು ಅಡಿ’ ಎನ್ನುವ ಜಾಹೀರಾತುಗಳಿಗೆ ದುಡ್ಡು ಕೊಡಬೇಡಿ.

ಮೊಬೈಲಿನಲ್ಲೂ ಜಿಗಿತ ಅಳೆಯಬಹುದು. ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಪಾದ ಮಾತ್ರ ಕಾಣುವಂತೆ ಚಿತ್ರೀಕರಿಸಿ, ಕಾಲ್ಬೆರಳು ನೆಲ ಬಿಟ್ಟ ಫ್ರೇಮಿನಿಂದ ಮತ್ತೆ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸಿ. 144 ಫ್ರೇಮ್ ಎಂದರೆ 0.6 ಸೆಕೆಂಡ್, 44 ಸೆಂ.ಮೀ. 168 ಬಂದರೆ 0.7 ಸೆಕೆಂಡ್, 60 ಸೆಂ.ಮೀ. 192 ಬಂದರೆ 0.8 ಸೆಕೆಂಡ್, 78 ಸೆಂ.ಮೀ. ಸೂತ್ರ ಸರಳ: ಗಾಳಿಯಲ್ಲಿದ್ದ ಸೆಕೆಂಡುಗಳ ವರ್ಗವನ್ನು 1.226ರಿಂದ ಗುಣಿಸಿದರೆ ಮೀಟರಿನಲ್ಲಿ ಎತ್ತರ ಬರುತ್ತದೆ. ಇಳಿಯುವಾಗ ಮೊಣಕಾಲು ಮಡಚಿದರೆ ಲೆಕ್ಕ ಸುಳ್ಳಾಗುತ್ತದೆ. ಇನ್ನೊಂದು ವಿಷಯ: ಗೋಡೆಯ ಅಳತೆ ಮೊಬೈಲಿನ ಅಳತೆಗಿಂತ ಯಾವಾಗಲೂ ಹೆಚ್ಚು ಬರುತ್ತದೆ. ಹಿಮ್ಮಡಿ ಎತ್ತಿ ತುದಿಗಾಲಿನ ಮೇಲೆ ಬಂದಾಗಲೇ ಕೈ ಹತ್ತು ಸೆಂ.ಮೀ. ಆಸುಪಾಸು ಮೇಲೆ ಹೋಗಿರುತ್ತದೆ, ಆ ಎತ್ತರವನ್ನು ಮೊಬೈಲ್ ಎಣಿಸುವುದಿಲ್ಲ. ಒಂದು ವಾರ ಗೋಡೆಯಲ್ಲಿ, ಇನ್ನೊಂದು ವಾರ ಮೊಬೈಲಿನಲ್ಲಿ ಅಳೆದು ‘ಜಿಗಿತ ಇಳಿಯಿತು’ ಎಂದು ಬೇಸರಪಡಬೇಡಿ.

ಇಳಿಯುವುದನ್ನು ಕಲಿಯದೆ ಏರಬೇಡಿ

ಮೊದಲ ಎರಡು ವಾರ ಇದೊಂದೇ ಕೆಲಸ. 30 ಸೆಂ.ಮೀ. ಎತ್ತರದ ಮೆಟ್ಟಿಲಿನಿಂದ ಹೆಜ್ಜೆ ಮುಂದಿಟ್ಟು ಕೆಳಗಿಳಿಯಿರಿ, ಹಾರಬೇಡಿ. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಲಿ. ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ. ಸೊಂಟ ಹಿಂದಕ್ಕೆ ಹೋಗಲಿ, ಮೊಣಕಾಲು ಎರಡನೇ ಕಾಲ್ಬೆರಳಿನ ನೇರಕ್ಕೆ ಬಾಗಲಿ. ಮೂರು ಎಣಿಸುವವರೆಗೆ ಅಲುಗದೆ ನಿಲ್ಲಿ. ಐದೈದರಂತೆ ಮೂರು ಸರದಿ, ವಾರಕ್ಕೆ ಮೂರು ದಿನ. ಎದುರಿನಿಂದ ವಿಡಿಯೊ ಮಾಡಿಸಿಕೊಳ್ಳಿ. ಮೊಣಕಾಲುಗಳು ಒಂದರ ಕಡೆಗೊಂದು ವಾಲುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಹಾಗೆ ಒಳಕ್ಕೆ ವಾಲಿದ ಮೊಣಕಾಲಿನ ಮೇಲೆ ಮೈಭಾರ ತಿರುಚಿ ಬಿದ್ದಾಗಲೇ ಒಳಗಿನ ಲಿಗಮೆಂಟ್ ಹರಿಯುವುದು. ಸೊಂಟದ ಪಕ್ಕದ ಸ್ನಾಯುಗಳಲ್ಲಿ ಬಲ ಕಡಿಮೆಯಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಒಂಟಿಕಾಲ ಬಸ್ಕಿ, ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು ಇವೆರಡರಿಂದ ಸುಧಾರಿಸುತ್ತದೆ.

ಕೊನೆಯ ಎರಡು ಹೆಜ್ಜೆ

ಓಡಿ ಬರುವಾಗ ನಿಮ್ಮ ವೇಗ ಮುಂದಕ್ಕಿರುತ್ತದೆ. ಡಂಕಿಗೆ ಬೇಕಾದ್ದು ಮೇಲಕ್ಕೆ ಹೋಗುವ ವೇಗ. ಒಂದನ್ನು ಇನ್ನೊಂದಾಗಿ ಬದಲಿಸುವ ಕೆಲಸ ಕೊನೆಯ ಎರಡು ಹೆಜ್ಜೆಗಳದ್ದು. ಸುಲಭಕ್ಕೆ ಕೊನೆಯದಕ್ಕೆ ಮುಂಚಿನದನ್ನು ‘ತಗ್ಗು ಹೆಜ್ಜೆ’, ಕೊನೆಯದನ್ನು ‘ತಡೆ ಹೆಜ್ಜೆ’ ಎಂದು ಕರೆಯೋಣ.

ಎರಡೂ ಕಾಲಿನಿಂದ ಹಾರುವ ಬಲಗೈ ಆಟಗಾರರಿಗೆ ಕ್ರಮ ಹೀಗೆ: ಎಡ, ಬಲ, ಎಡ. ವಾಲಿಬಾಲ್ ಆಡುವವರಿಗೆ ಇದು ಮೊದಲೇ ಗೊತ್ತು. ಬಲಗಾಲಿನದು ತಗ್ಗು ಹೆಜ್ಜೆ, ಅದು ಎಲ್ಲಕ್ಕಿಂತ ಉದ್ದ. ಹಿಮ್ಮಡಿ ಮೊದಲು ತಾಗಿ ಪಾದ ಮುಂದಕ್ಕೆ ಉರುಳಬೇಕು. ಅದೇ ಕ್ಷಣ ಸೊಂಟ ಕೆಳಗಿಳಿಯಬೇಕು, ಎರಡೂ ಕೈ ಬೆನ್ನ ಹಿಂದಕ್ಕೆ ಹೋಗಿರಬೇಕು, ಎದೆ ಮಾತ್ರ ಮುಂದಕ್ಕೆ ಬೀಳಬಾರದು. ಎಡಗಾಲಿನ ತಡೆ ಹೆಜ್ಜೆ ಗಿಡ್ಡ, ಚುರುಕು. ಅದು ಬಲಗಾಲಿಗಿಂತ ತುಸು ಮುಂದೆ, ಬೆರಳು ಒಳಕ್ಕೆ ತಿರುಗಿ ಊರಬೇಕು. ಆಗ ಆ ಕಾಲು ಬ್ರೇಕಿನಂತೆ ಕೆಲಸ ಮಾಡುತ್ತದೆ. ಮುಂದಕ್ಕೆ ಹೋಗುತ್ತಿದ್ದ ಮೈ ಅಲ್ಲಿ ತಡೆದು, ಕಾಲಿನ ಸ್ನಾಯುಗಳು ಹಿಗ್ಗಿ, ಹಿಗ್ಗಿದ್ದು ಮರಳುವಾಗ ಮೈಯನ್ನು ಮೇಲಕ್ಕೆ ಎಸೆಯುತ್ತದೆ.

ಸರಿಯಾಯಿತೋ ಇಲ್ಲವೋ ಎಂದು ಕಿವಿಯಿಂದಲೇ ಹೇಳಬಹುದು. ಕಾಂಕ್ರೀಟ್ ನೆಲದಲ್ಲಿ ಸ್ನೇಹಿತರೊಬ್ಬರು ಕಣ್ಣು ಮುಚ್ಚಿ ನಿಂತು ಕೇಳಲಿ. ‘ಧಪ್… ಧಪ್’ ಎಂದು ಎರಡು ಬೇರೆ ಬೇರೆ ಸದ್ದು ಬಂದರೆ ತಡೆ ಹೆಜ್ಜೆ ತಡವಾಗಿದೆ, ಅಷ್ಟರಲ್ಲಿ ತಗ್ಗು ಹೆಜ್ಜೆಯಲ್ಲಿ ಕೂಡಿಸಿದ್ದು ಸೋರಿಹೋಗಿರುತ್ತದೆ. ‘ಧ-ಧಪ್’ ಎಂದು ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ಬಂದರೆ ಸರಿ. ವಿಡಿಯೊದಲ್ಲಿ ಗಂಟೆಗಟ್ಟಲೆ ನೋಡಿದರೂ ಹೊಳೆಯದ ತಪ್ಪು ಈ ಸದ್ದಿನಲ್ಲಿ ಹತ್ತು ನಿಮಿಷಕ್ಕೆ ಸಿಗುತ್ತದೆ.

ಅಭ್ಯಾಸ ಹೀಗಿರಲಿ. ಮೊದಲ ವಾರ ಓಟವೇ ಬೇಡ, ನಿಂತಲ್ಲಿಂದ ‘ಬಲ-ಎಡ’ ಇಟ್ಟು ಅರ್ಧ ಬಲದಲ್ಲಿ ಹಾರಿ, ದಿನಕ್ಕೆ 20. ಎರಡನೇ ವಾರ ಮೂರು ಹೆಜ್ಜೆ. ಮೂರನೇ ವಾರದಿಂದ ನಾಲ್ಕೈದು ಮೀಟರ್ ದೂರದಿಂದ, ನಿಧಾನವಾಗಿ ಹೊರಟು ಕೊನೆಗೆ ವೇಗ ಹೆಚ್ಚುವಂತೆ. ಹೆಚ್ಚಿನವರು ಮಾಡುವ ತಪ್ಪು ಇದರ ತಿರುವುಮುರುವು: ಜೋರಾಗಿ ಹೊರಟು, ರಿಂಗಿನ ಹತ್ತಿರ ಬಂದಾಗ ಹೆಜ್ಜೆ ಹೊಂದಿಸಲು ಪುಟ್ಟಪುಟ್ಟ ಹೆಜ್ಜೆ ಹಾಕುತ್ತಾರೆ. ಅಲ್ಲಿಗೆ ವೇಗವೂ ಹೋಯಿತು, ತಗ್ಗೂ ಹೋಯಿತು. ಹೊರಡುವ ಜಾಗಕ್ಕೆ ಚಾಕ್‌ನಿಂದ ಗೆರೆ ಎಳೆದು, ಪ್ರತಿ ಸಲ ಅದೇ ಕಾಲಿನಿಂದ ಹೊರಟರೆ ಇದು ತಪ್ಪುತ್ತದೆ. ರಿಂಗಿಗೆ ನೇರ ಎದುರಿನಿಂದ ಬರುವುದಕ್ಕಿಂತ ಓರೆಯಾಗಿ ಬರುವುದು ಹೆಚ್ಚಿನವರಿಗೆ ಅನುಕೂಲ. ಎಡದಿಂದ ಹತ್ತು, ಬಲದಿಂದ ಹತ್ತು ಹಾರಿ ನೋಡಿ, ಎತ್ತರ ಬಂದ ಕಡೆಯನ್ನೇ ಉಳಿಸಿಕೊಳ್ಳಿ.

ಒಂಟಿಕಾಲಿನ ಜಿಗಿತದಲ್ಲಿ ಬಲಗೈಯವರು ಎಡಗಾಲಿನಿಂದ ಹಾರುತ್ತಾರೆ, ಓಡಿ ಬಂದು ಹತ್ತಿರದಿಂದ ಚೆಂಡು ಹಾಕುವ ಲೇ-ಅಪ್‌ನಲ್ಲಿ ಹಾರುವ ಹಾಗೆಯೇ. ಇಲ್ಲಿ ಓಟದ ವೇಗ ಹೆಚ್ಚು ಬೇಕು, ತಗ್ಗುವುದು ಕಡಿಮೆ. ತಡೆ ಕಾಲನ್ನು ಸೊಂಟಕ್ಕಿಂತ ಮುಂದೆ, ಮೊಣಕಾಲು ತುಸುವೇ ಬಾಗಿಸಿ, ಗಟ್ಟಿಯಾಗಿ ಊರಬೇಕು, ಬಲ ಮೊಣಕಾಲು ಎದೆಯ ಕಡೆಗೆ ನುಗ್ಗಬೇಕು. ಉದ್ದ ಕಾಲಿನ, ತೆಳ್ಳಗಿನ, ವೇಗದ ಓಟಗಾರರಿಗೆ ಇದು ಒಗ್ಗುತ್ತದೆ. ತೊಡೆಯಲ್ಲಿ ಬಲವಿದ್ದು, ಕೈ ಚಿಕ್ಕದಾದವರಿಗೆ ಎರಡು ಕಾಲಿನದೇ ವಾಸಿ, ಏಕೆಂದರೆ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಒಯ್ಯಬಹುದು.

ಕೈ ಬೀಸುವುದನ್ನು ಅಲಂಕಾರ ಎಂದುಕೊಳ್ಳಬೇಡಿ. ಜಿಗಿತದ ಸುಮಾರು ಹತ್ತನೇ ಒಂದು ಪಾಲು ಅದರಿಂದಲೇ ಬರುತ್ತದೆ. ಸೊಂಟಕ್ಕೆ ಕೈ ಕಟ್ಟಿಕೊಂಡು ಒಮ್ಮೆ, ಬೀಸಿ ಒಮ್ಮೆ ಹಾರಿದರೆ ನಿಮಗೇ ತಿಳಿಯುತ್ತದೆ. ಚೆಂಡು ಕೈಗೆ ಬಂದಾಗ ಈ ಬೀಸು ಅರ್ಧಕ್ಕೆ ಇಳಿಯುತ್ತದೆ. ಬರಿಗೈಯಲ್ಲಿ 320 ಮುಟ್ಟಿದವರು ಚೆಂಡಿನೊಂದಿಗೆ ಸೋಲುವುದು ಇದೇ ಕಾರಣಕ್ಕೆ. ಹಾಗಾಗಿ ಬರಿಗೈ ಎಟುಕು ಬೇಕಾದ್ದಕ್ಕಿಂತ ಐದು ಸೆಂ.ಮೀ. ಹೆಚ್ಚಿರಲಿ.

ವಾಲಿಬಾಲಿನಿಂದ ಬಂದವರು ಇನ್ನೊಂದು ಅಭ್ಯಾಸ ಬಿಡಬೇಕು. ನೆಟ್ ಮುಟ್ಟಬಾರದೆಂದು ಅವರು ಮುಂದಿನ ವೇಗವನ್ನೆಲ್ಲ ಕೊಂದು ನೆಟ್ಟಗೆ ಮೇಲೆ ಹೋಗುವುದನ್ನು ಕಲಿತಿರುತ್ತಾರೆ. ಡಂಕಿನಲ್ಲಿ ಮೈ ತುಸು ಮುಂದಕ್ಕೆ ತೇಲಬೇಕು. ಎರಡು ಕಾಲಿನ ಜಿಗಿತಕ್ಕೆ ರಿಂಗಿನ ಮುಂದಂಚಿನಿಂದ ಸುಮಾರು 90 ಸೆಂ.ಮೀ. ಇತ್ತ ನೆಲ ಬಿಡಲು ಶುರುಮಾಡಿ, ಒಂಟಿಕಾಲಿನದಕ್ಕೆ ಇನ್ನೂ ಹಿಂದಿನಿಂದ. ಚೆಂಡು ರಿಂಗಿನ ಅಡಿಗೆ ಬಡಿದರೆ ತೀರ ಒಳಗೆ ಹೋಗಿ ಹಾರಿದ್ದೀರಿ. ಮುಂದಂಚಿಗೆ ಬಡಿದು ಮೈ ಕೆಳಗಿಳಿಯುತ್ತಿದ್ದರೆ ತೀರ ದೂರದಿಂದ ಹಾರಿದ್ದೀರಿ. ಹತ್ತು ಸೆಂ.ಮೀ.ನಂತೆ ಗೆರೆ ಸರಿಸಿ ನೋಡಿ.

ಮಳೆಗಾಲಕ್ಕೆ ಬಲ

ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನ ಕೋರ್ಟಿನಲ್ಲಿ ಹಾರುವ ಮಾತೇ ಇಲ್ಲ. ಮಳೆ ಬಿಟ್ಟ ದಿನವೂ ನೆಲಕ್ಕೆ ಹಾವಸೆ ಕಟ್ಟಿರುತ್ತದೆ, ತಡೆ ಹೆಜ್ಜೆ ಊರಿದ ಕಾಲು ಜಾರಿದರೆ ಮೊಣಕಾಲು ಕೆಟ್ಟಂತೆಯೇ. ಈ ನಾಲ್ಕು ತಿಂಗಳು ವ್ಯರ್ಥ ಎಂದು ಹಲವರು ಕೊರಗುತ್ತಾರೆ. ಬಲ ಕಟ್ಟಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ವಾರಕ್ಕೆ ಎರಡರಿಂದ ಮೂರು ದಿನ. ಭಾರ ಹೊತ್ತ ಬಸ್ಕಿ ಐದರಂತೆ ನಾಲ್ಕು ಸರದಿ, ನಡುವೆ ಮೂರು ನಿಮಿಷ ವಿಶ್ರಾಂತಿ. ಹಿಂದಿನ ಪಾದವನ್ನು ಕಟ್ಟೆಯ ಮೇಲಿಟ್ಟು ಒಂಟಿಕಾಲ ಬಸ್ಕಿ, ಪ್ರತಿ ಕಾಲಿಗೆ ಎಂಟರಂತೆ ಮೂರು. ಮೀನಖಂಡಕ್ಕೆ ಜಗುಲಿಯ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಹನ್ನೆರಡರಂತೆ ಮೂರು, ಮೊಣಕಾಲು ನೆಟ್ಟಗಿಟ್ಟು ಒಮ್ಮೆ, ಬಾಗಿಸಿ ಒಮ್ಮೆ. ತೊಡೆಯ ಹಿಂಭಾಗಕ್ಕೆ, ಮಂಡಿಯೂರಿ ಕುಳಿತು ಯಾರಾದರೂ ಪಾದ ಒತ್ತಿ ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು, ನಾಲ್ಕರಂತೆ ಮೂರು. ಇದು ಮೊದಲ ವಾರ ಬಹಳ ನೋಯುತ್ತದೆ, ಎರಡೇ ಸರದಿಯಿಂದ ಶುರು ಮಾಡಿ.

ಜಿಮ್ ಇಲ್ಲದವರು ಮರಳಿನ ಚೀಲ ಹೊರಬಹುದು. ಒಂದು ಎಚ್ಚರಿಕೆ: 25 ಕೆ.ಜಿ. ಅಕ್ಕಿ ಹಿಡಿಯುವ ಚೀಲಕ್ಕೆ ಮರಳು ತುಂಬಿದರೆ ತೂಕ ಸುಮಾರು ಎರಡು ಪಟ್ಟಾಗುತ್ತದೆ, ಒದ್ದೆ ಮರಳಾದರೆ ಇನ್ನೂ ಹೆಚ್ಚು. ಅರ್ಧ ತುಂಬಿ, ಒಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ ಹಾಕಿ ಬಿಗಿದು, ತೂಗಿ ನೋಡಿ. ಮೈತೂಕದ ಒಂದೂವರೆ ಪಟ್ಟು ಭಾರದ ಬಸ್ಕಿ ವಯಸ್ಕ ಆಟಗಾರರಿಗೆ ಒಳ್ಳೆಯ ಗುರಿ, ಅದಕ್ಕೆ ಒಂದು ವರ್ಷ ಹಿಡಿದರೂ ಅವಸರ ಬೇಡ. ಬೆನ್ನು ಬಾಗಿದ ಕ್ಷಣ ಸರದಿ ಮುಗಿಯಿತು.

ಬಲ ಬೆಳೆಯಲು ಊಟ ಬೇಕು. ದಿನಕ್ಕೆ ಮೈತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ ಪ್ರೋಟೀನ್, ಅಂದರೆ 60 ಕೆ.ಜಿ. ಇದ್ದವರಿಗೆ ಸುಮಾರು 95 ಗ್ರಾಂ. ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಬಂಗಡೆಯಲ್ಲಿ ಹತ್ತೊಂಬತ್ತರ ಆಸುಪಾಸು, ನೂರು ಗ್ರಾಂ ಶೇಂಗಾದಲ್ಲಿ 25. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಲ ಕಟ್ಟುವ ದಿನಗಳಲ್ಲೇ ತಾಜಾ ಮೀನು ತುಟ್ಟಿ. ಆಗ ಮೊಟ್ಟೆ, ಹೆಸರುಕಾಳು, ಕಡಲೆ, ಹಾಲು ಹೆಚ್ಚಿಸಿ. ಕುಸುಲಕ್ಕಿ ಗಂಜಿ, ತಂಬುಳಿ ಎರಡೂ ಒಳ್ಳೆಯದೇ, ಆದರೆ ಅವೆರಡರಿಂದಲೇ ಈ ಲೆಕ್ಕ ತುಂಬುವುದಿಲ್ಲ.

ಮರಳಿನ ವಿಷಯ

‘ಬೀಚಿನಲ್ಲಿ ಹಾರಿದರೆ ಜಿಗಿತ ಹೆಚ್ಚುತ್ತದೆ’ ಎಂಬ ಮಾತು ಕಾರವಾರದ ಟಾಗೋರ್ ಕಡಲತೀರದಲ್ಲಿ ಓಡುವ ಎಲ್ಲರ ಬಾಯಲ್ಲೂ ಇದೆ. ಅದು ಅರ್ಧ ನಿಜ. ಸಡಿಲ ಮರಳು ಕಾಲಡಿ ಕುಸಿಯುವುದರಿಂದ ಇಳಿಯುವಾಗ ಪೆಟ್ಟು ಕಡಿಮೆ, ಮೀನಖಂಡಕ್ಕೂ ಪಾದಕ್ಕೂ ದುಡಿಮೆ ಹೆಚ್ಚು. ಆದರೆ ಅದೇ ಕುಸಿತದಿಂದ ಹಿಗ್ಗಿದ ಸ್ನಾಯು ಚಟ್ಟನೆ ಮರಳುವ ಲಾಭ ಸಿಗುವುದಿಲ್ಲ. ಮರಳು ನಿಧಾನವಾಗಿ ಒತ್ತುವುದನ್ನು ಕಲಿಸುತ್ತದೆ. ಕೋರ್ಟಿನಲ್ಲಿ ಒಂಟಿಕಾಲಿನ ತಡೆ ಹೆಜ್ಜೆ ನೆಲದಲ್ಲಿರುವುದೇ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಆದ್ದರಿಂದ ಮರಳು ಅಕ್ಟೋಬರ್‌ಗೆ, ಮಳೆಗಾಲ ಮುಗಿದು ಕಾಲು ಮತ್ತೆ ಜಿಗಿತಕ್ಕೆ ಒಗ್ಗುವ ಮೂರ್ನಾಲ್ಕು ವಾರಕ್ಕೆ ಸಾಕು. ಆಮೇಲೆ ಗಟ್ಟಿ ನೆಲವೇ ಬೇಕು. ನೀರಂಚಿನ ಒದ್ದೆ ಮರಳು ಗಟ್ಟಿಯಿದ್ದರೂ ಇಳಿಜಾರು, ಅಲ್ಲಿ ಒಂದೇ ದಿಕ್ಕಿಗೆ ಓಡಿದರೆ ಕೆಳಬದಿಯ ಕಾಲಿಗೆ ನೋವು ಬರುತ್ತದೆ.

ಶಿರಸಿ ಕಡೆಯ ಮನೆಗಳ ಮಣ್ಣಿನ ಅಂಗಳ ಈ ಕೆಲಸಕ್ಕೆ ಬಹಳ ಒಳ್ಳೆಯದು, ಸಮತಟ್ಟು, ಕಾಂಕ್ರೀಟಿನಷ್ಟು ಕಠಿಣವಲ್ಲ. ಕೊಯ್ಲು ಶುರುವಾಗಿ ಅಂಗಳ ತುಂಬ ಅಡಿಕೆ ಹರಡುವ ಮೊದಲೇ ಆ ವಾರಗಳನ್ನು ಬಳಸಿಕೊಳ್ಳಿ.

ಅಕ್ಟೋಬರ್ ನಂತರ ಜಿಗಿತ

ಬಲದ ದಿನ ವಾರಕ್ಕೆ ಎರಡಕ್ಕೆ ಇಳಿಸಿ, ಜಿಗಿತದ ದಿನ ಎರಡು ಸೇರಿಸಿ. ಎರಡು ಜಿಗಿತದ ದಿನಗಳ ನಡುವೆ 48ರಿಂದ 72 ಗಂಟೆ ಅಂತರವಿರಲಿ. ಹತ್ತು ನಿಮಿಷ ಮೈ ಬಿಸಿ ಮಾಡಿ, ಆಮೇಲೆ ಮೊಣಕಾಲು ಬಾಗಿಸದೆ ಪಾದದ ಕೀಲಿನಿಂದಲೇ ಪುಟಿಯುವುದು, ಹದಿನೈದರಂತೆ ಎರಡು. ಅದಾದ ಮೇಲೆ ಪೂರ್ತಿ ಬಲದ ಓಟದ ಜಿಗಿತ 15ರಿಂದ 20, ಪ್ರತಿಯೊಂದರ ನಡುವೆ ಒಂದೂವರೆ ನಿಮಿಷ. ಈ ವಿಶ್ರಾಂತಿ ಹೊಸಬರಿಗೆ ಸೋಮಾರಿತನದಂತೆ ಕಾಣುತ್ತದೆ. ಆದರೆ ದಣಿದ ಕಾಲಿನಿಂದ ಹಾರಿದ ಪ್ರತಿ ಜಿಗಿತವೂ ದೇಹಕ್ಕೆ ನಿಧಾನ ಜಿಗಿತವನ್ನೇ ಕಲಿಸುತ್ತದೆ. ಸತತ ಎರಡು ಜಿಗಿತ ಆ ದಿನದ ಅತಿ ಎತ್ತರಕ್ಕಿಂತ ಐದು ಸೆಂ.ಮೀ. ಕಡಿಮೆಯಾದರೆ ಅಂದಿಗೆ ಮುಗಿಸಿ. ಪುಟಿತ, ಜಿಗಿತ ಎಲ್ಲ ಸೇರಿ ಹೊಸಬರಿಗೆ ಒಂದು ದಿನಕ್ಕೆ ನೂರು ಸಲ ನೆಲ ಮುಟ್ಟಿದರೆ ಹೆಚ್ಚಾಯಿತು.

ಕಟ್ಟೆಯಿಂದ ಇಳಿದು ನೆಲ ಮುಟ್ಟಿದೊಡನೆ ಪುಟಿದು ಹಾರುವ ಡೆಪ್ತ್ ಜಂಪ್ ಅನ್ನು ಎರಡನೇ ತಿಂಗಳಿಗೆ ಇಡಿ. ಎತ್ತರ 30 ಸೆಂ.ಮೀ., ಐದರಂತೆ ಮೂರು. ಹಿಮ್ಮಡಿ ನೆಲಕ್ಕೆ ಬಡಿದು ಸದ್ದಾದರೆ ಎತ್ತರ ನಿಮಗೆ ಹೆಚ್ಚಾಗಿದೆ. ಎರಡು ಚಿರೆಕಲ್ಲು ಪೇರಿಸಿ ಕಟ್ಟೆ ಮಾಡುವವರು ಕಾಲಿಟ್ಟಾಗ ಅದು ಅಲುಗದಂತೆ ನೋಡಿಕೊಳ್ಳಬೇಕು.

ಏಪ್ರಿಲ್, ಮೇ ಸೆಖೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಅಭ್ಯಾಸ ಮಾಡಿ. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆಯೋ ಮುರುಗಲು ಪಾನಕವೋ ಇರಲಿ. ಬೂಟಿನ ಅಟ್ಟೆಗೆ ಮರಳಿನ ಕಣ ಅಂಟಿದ್ದರೆ ಹಿಡಿತವೇ ಇರುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿ ಕೋರ್ಟಿಗಿಳಿಯಿರಿ.

ಮೊಣಕಾಲು ನೋಯತೊಡಗಿದರೆ

ಚಿಪ್ಪಿನ ಕೆಳತುದಿಯಲ್ಲಿ, ಬೆರಳಿಟ್ಟು ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ನೋವಿದ್ದರೆ ಅದು ಹೆಚ್ಚಾಗಿ ಸ್ನಾಯುವನ್ನು ಎಲುಬಿಗೆ ಜೋಡಿಸುವ ಸ್ನಾಯುರಜ್ಜಿನದು. ಜಿಗಿತದ ಸಂಖ್ಯೆ ಒಮ್ಮೆಲೇ ಏರಿಸಿದಾಗ ಬರುತ್ತದೆ, ಮೈ ಬಿಸಿಯಾದಾಗ ಮಾಯವಾಗಿ ಮರುದಿನ ಬೆಳಿಗ್ಗೆ ಮರಳುತ್ತದೆ. ಆ ಮಾಯವಾಗುವುದನ್ನೇ ನಂಬಿ ಹಾರುತ್ತಾ ಹೋದರೆ ತಿಂಗಳುಗಟ್ಟಲೆ ಕಾಡುತ್ತದೆ. ಹತ್ತರಲ್ಲಿ ಮೂರರಷ್ಟು ನೋವಿದ್ದು ಒಂದು ದಿನದೊಳಗೆ ಇಳಿದರೆ ಜಿಗಿತ ಅರ್ಧ ಮಾಡಿ ಮುಂದುವರಿಸಬಹುದು. ಅದಕ್ಕಿಂತ ಹೆಚ್ಚಾದರೆ ಜಿಗಿತ ನಿಲ್ಲಿಸಿ, ಗೋಡೆಗೆ ಒರಗಿ ಕುರ್ಚಿಯಂತೆ ಕುಳಿತು 45 ಸೆಕೆಂಡ್ ಹಿಡಿಯುವುದನ್ನು ಐದು ಸಲ ಮಾಡಿ, ನಿಧಾನ ಬಸ್ಕಿ ಮುಂದುವರಿಸಿ. ಪೂರ್ತಿ ಮಲಗಿಬಿಟ್ಟರೆ ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗುತ್ತದೆ. ಎತ್ತರ ಬೆಳೆಯುತ್ತಿರುವ ಹನ್ನೆರಡರಿಂದ ಹದಿನೈದರ ಮಕ್ಕಳಲ್ಲಿ ಚಿಪ್ಪಿಗಿಂತ ಕೆಳಗೆ, ಎಲುಬಿನ ಮೇಲೆ ಗಂಟು ಎದ್ದು ನೋಯುವುದುಂಟು. ಅವರಿಗೆ ಡೆಪ್ತ್ ಜಂಪ್ ಮಾಡಿಸಬೇಡಿ. ಊತ ಬಂದರೆ, ಮೊಣಕಾಲು ಸಿಕ್ಕಿಕೊಂಡಂತಾದರೆ, ನಡೆಯುವಾಗ ಕೈಕೊಟ್ಟರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.

ಚೆಂಡು ಕೈಗೆ

ಬರಿಗೈ ಮಣಿಕಟ್ಟು ರಿಂಗಿನ ಹತ್ತಿರ ಬಂದ ಮೇಲೆ ಟೆನಿಸ್ ಚೆಂಡಿನಿಂದ ಶುರುಮಾಡಿ. ಹತ್ತರಲ್ಲಿ ಏಳು ಒಳಗೆ ಬಿದ್ದರೆ ವಾಲಿಬಾಲ್. ಅದರ ಸುತ್ತಳತೆ 65ರಿಂದ 67 ಸೆಂ.ಮೀ., ತೂಕ 260ರಿಂದ 280 ಗ್ರಾಂ, ನಮ್ಮೂರಲ್ಲಿ ಯಾರ ಮನೆಯಲ್ಲಾದರೂ ಸಿಗುತ್ತದೆ. ಕೊನೆಗೆ ಏಳನೇ ಅಳತೆಯ ಬಾಸ್ಕೆಟ್‌ಬಾಲ್, ಸುತ್ತಳತೆ 75ರಿಂದ 77, ತೂಕ ಸುಮಾರು 600 ಗ್ರಾಂ. ರಿಂಗಿನ ಒಳವ್ಯಾಸ 45 ಸೆಂ.ಮೀ., ಚೆಂಡಿನದು 24, ಅಂದರೆ ಜಾಗ ಸಾಕಷ್ಟಿದೆ. ತುಸು ಹಿಂದಂಚಿನ ಕಡೆಗೆ ಗುರಿಯಿಡಿ.

ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಓಡುವುದು) ಮುಗಿಸಿ ಚೆಂಡನ್ನು ಎರಡೂ ಕೈಗೆ ತೆಗೆದುಕೊಳ್ಳುವುದು ಮೊದಲ ಎಡಗಾಲು ನೆಲದಲ್ಲಿರುವಾಗ. ಆಮೇಲೆ ಬಲ, ಎಡ ಎರಡೇ ಹೆಜ್ಜೆ, ಚೆಂಡು ಹಿಡಿದು ಹೆಚ್ಚು ಹೆಜ್ಜೆ ಹಾಕುವ ‘ಟ್ರಾವೆಲಿಂಗ್’ ತಪ್ಪು ಆಗುವುದಿಲ್ಲ. ತಗ್ಗು ಹೆಜ್ಜೆಯಲ್ಲಿ ಚೆಂಡು ಬಲ ಸೊಂಟದ ಬಳಿ ಇರಲಿ, ಅಲ್ಲಿಂದ ಎರಡೂ ಕೈಯಲ್ಲಿ ಎದೆಯ ಮುಂದಿನಿಂದ ಹಣೆಯ ಮೇಲಕ್ಕೆ ಒಯ್ಯಿರಿ. ಹಣೆ ದಾಟಿದ ಮೇಲೆಯೇ ಎಡಗೈ ಬಿಡಬೇಕು. ಮೊದಲೇ ಬಿಟ್ಟರೆ ಬೆವರಿದ ಅಂಗೈಯಿಂದ ಚೆಂಡು ಹಿಂದಕ್ಕೆ ಜಾರುತ್ತದೆ. ಕರಾವಳಿಯ ಆರ್ದ್ರತೆಯಲ್ಲಿ ಇದು ದಿನದ ಗೋಳು, ಸೊಂಟಕ್ಕೊಂದು ಒಣ ಟವೆಲ್ ಸಿಕ್ಕಿಸಿಕೊಳ್ಳಿ. ಏರುತ್ತಿರುವಾಗಲೇ ತುರುಕಲು ಹೋಗಬೇಡಿ, ಮೈ ತುತ್ತತುದಿಗೆ ಬರುವವರೆಗೆ ಕಾದು ಮಣಿಕಟ್ಟಿನಿಂದ ಕೆಳಗೆ ಒತ್ತಿ. ತೋಳನ್ನೆಲ್ಲ ಬೀಸಿ ಬಡಿಯುವುದು ಆಮೇಲಿನ ಮಾತು.

ಮೊದಲ ಡಂಕ್ ಬಿದ್ದ ದಿನ ರಿಂಗಿಗೆ ಜೋತುಬೀಳುವ ಆಸೆ ಬರುತ್ತದೆ. ಕೆಳಗೆ ಯಾರಾದರೂ ಇದ್ದರೆ ಒಂದು ಕ್ಷಣ ಹಿಡಿದು, ಕಾಲು ನೇರಕ್ಕೆ ಬಂದ ಮೇಲೆ ಬಿಡಿ. ಮೈ ತೂಗಾಡುತ್ತಿರುವಾಗ ಕೈಬಿಟ್ಟರೆ ಬೆನ್ನಡಿಯಾಗಿ ಬೀಳುತ್ತೀರಿ. ಆಮೇಲೆ ಇನ್ನು ಮೂರೇ ಮೂರು ಸಲ ಹಾರಿ, ಚೆಂಡು ಬಿದ್ದರೂ ಬೀಳದಿದ್ದರೂ ಅಂದಿಗೆ ಬೂಟು ಬಿಚ್ಚಿ. ಖುಷಿಯಲ್ಲಿ ನಲವತ್ತು ಸಲ ಹಾರಿದ ಸಂಜೆಯೇ ಮೊಣಕಾಲಿನ ನೋವು ಶುರುವಾಗುವುದು.